ಸಾಲದ ಅರ್ಜಿ ವಾಪಸ್ ಬಂತೇ? ಕ್ರೆಡಿಟ್ ವರದಿಯಲ್ಲಿ ದೋಷ ಪತ್ತೆ ಮಾಡುವ ಬಗೆ

ಬ್ಯಾಂಕಿನವರು ‘ನಿಮ್ಮ ಸಿಬಿಲ್ ಸರಿ ಇಲ್ಲ’ ಎಂದು ಅರ್ಜಿ ವಾಪಸ್ ಕೊಟ್ಟರೆ ಬಹಳಷ್ಟು ಜನ ಮಾಡುವ ಮೊದಲ ಕೆಲಸವೆಂದರೆ ಪಕ್ಕದ ಬ್ಯಾಂಕಿಗೆ ಅರ್ಜಿ ಹಾಕುವುದು. ಅಲ್ಲೂ ಆಗದಿದ್ದರೆ ಮೊಬೈಲ್ ಆ್ಯಪ್. ಪ್ರತಿ ಅರ್ಜಿಗೂ ಸಾಲ ಕೊಡುವವರು ನಿಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ನೀವು ಮಾಡಿದ ಸಾಲ ಮತ್ತು ಅದನ್ನು ತೀರಿಸಿದ ಬಗೆಯ ದಾಖಲೆಯನ್ನು, ತೆರೆದು ನೋಡುತ್ತಾರೆ. ತೆರೆದ ಸಂಗತಿಯೂ ಅದೇ ವರದಿಯಲ್ಲಿ ದಾಖಲಾಗುತ್ತದೆ. ಮುಂದಿನವರು ಅದನ್ನು ನೋಡಿ ‘ಇವರಿಗೆ ಹಣದ ತೀರಾ ಅವಸರವಿದೆ’ ಎಂದುಕೊಳ್ಳುತ್ತಾರೆ. ಆದ್ದರಿಂದ ಕಾರಣ ಗೊತ್ತಾಗುವವರೆಗೆ ಹೊಸ ಅರ್ಜಿ ಬೇಡ.

ಸ್ಕೋರ್ ಎಂಬ ಮೂರಂಕಿಯ ಸಂಖ್ಯೆಯ ಮೇಲೂ ಸದ್ಯಕ್ಕೆ ಕಣ್ಣು ನೆಡಬೇಡಿ. 300ರಿಂದ 900ರ ನಡುವಿನ ಆ ಸಂಖ್ಯೆಯನ್ನು ನೇರವಾಗಿ ಯಾರೂ ತಿದ್ದಲಾರರು. ತಿದ್ದಲು ಬರುವುದು ಅದರ ಹಿಂದಿರುವ ವರದಿಯ ಸಾಲುಗಳನ್ನು ಮಾತ್ರ. ‘ಹತ್ತು ದಿನದಲ್ಲಿ ಸಿಬಿಲ್ ಕ್ಲಿಯರ್’ ಎಂದು ವಿದ್ಯುತ್ ಕಂಬಕ್ಕೆ ಚೀಟಿ ಅಂಟಿಸುವವರು ಹಣ ಪಡೆದು ಮಾಡುವುದೂ ನೀವೇ ಪುಕ್ಕಟೆಯಾಗಿ ಹಾಕಬಹುದಾದ ಅದೇ ದೂರನ್ನು. ಜೊತೆಗೆ ನಿಮ್ಮ ಪ್ಯಾನ್, ಆಧಾರ್ ಮತ್ತು ಒಟಿಪಿ ಅವರ ಕೈಗೆ ಹೋಗಿರುತ್ತದೆ. ಹಾಗಾಗಿ ‘ಸ್ಕೋರ್ ಏರಿಸುವುದು ಹೇಗೆ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ಯಾವ ಖಾತೆಯ ಯಾವ ತಿಂಗಳಿನಲ್ಲಿ ತೊಂದರೆ ಇದೆ’ ಎಂದು ಕೇಳಿಕೊಳ್ಳಿ.

ಮೊದಲು ವರದಿ ಕೈಗೆ ಬರಲಿ

‘ಸಿಬಿಲ್’ ಎಂಬುದು ಎಲ್ಲದಕ್ಕೂ ರೂಢಿಯ ಹೆಸರಾಗಿಬಿಟ್ಟಿದೆ. ಆದರೆ ಈ ವರದಿಗಳನ್ನು ತಯಾರಿಸಲು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಕ್ರೆಡಿಟ್ ಮಾಹಿತಿ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. 2017ರಿಂದ ಪ್ರತಿಯೊಂದು ಕಂಪನಿಯೂ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅವುಗಳ ಜಾಲತಾಣಕ್ಕೆ ಹೋದರೆ ಹಣ ಕೊಟ್ಟು ಚಂದಾದಾರರಾಗುವ ಗುಂಡಿ ದೊಡ್ಡದಾಗಿ ಕಾಣುತ್ತದೆ, ಉಚಿತ ವರದಿಯ ಕೊಂಡಿ ಮೂಲೆಯಲ್ಲಿರುತ್ತದೆ. ಹುಡುಕಿ. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಸ್ಕೋರ್ ಇಳಿಯುವುದಿಲ್ಲ.

ಆ್ಯಪ್‌ಗಳು ತೋರಿಸುವ ಬಣ್ಣದ ಚಕ್ರ ಈ ಕೆಲಸಕ್ಕೆ ಸಾಲದು. ಖಾತೆವಾರು, ತಿಂಗಳುವಾರು ವಿವರವಿರುವ ಪೂರ್ಣ ಪಿಡಿಎಫ್ ಬೇಕು. ನಿಮ್ಮ ಅರ್ಜಿ ತಿರಸ್ಕರಿಸಿದ ಬ್ಯಾಂಕು ಯಾವ ಕಂಪನಿಯ ವರದಿ ನೋಡಿತು ಎಂದು ಕೇಳಿ, ಅದನ್ನೇ ಮೊದಲು ತೆಗೆಯಿರಿ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಮಿನ ಪ್ರಕಾರ, ಬ್ಯಾಂಕು ತಾನು ತರಿಸಿಕೊಂಡ ವರದಿಯ ಪ್ರತಿಯನ್ನು ಅರ್ಜಿದಾರ ಕೇಳಿ ಪಡೆಯಬಹುದು. ಕೌಂಟರಿನಲ್ಲಿ ಕುಳಿತವರಿಗೆ ಈ ಕಲಂ ಗೊತ್ತಿರದಿದ್ದರೆ ಆಶ್ಚರ್ಯವಿಲ್ಲ. ಪತ್ರದಲ್ಲಿ ಬರೆದು ಕೊಟ್ಟರೆ ಗೊತ್ತಾಗುತ್ತದೆ.

ನಾಲ್ಕು ಕಡೆ ನಾಲ್ಕು ಸ್ಕೋರ್ ಬಂದರೆ ಅದು ದೋಷವಲ್ಲ, ಅವರವರ ಲೆಕ್ಕದ ವಿಧಾನ ಬೇರೆ. ಆದರೆ ಒಂದರಲ್ಲಿ ಇರುವ ಖಾತೆ ಇನ್ನೊಂದರಲ್ಲಿ ಇಲ್ಲದಿದ್ದರೆ ಗಮನಿಸಿ.

ಹೆಸರಿನ ಪುಟ: ಯಾರೂ ಓದದ ಪುಟ

ಎಲ್ಲರೂ ನೇರವಾಗಿ ಸಾಲದ ಪಟ್ಟಿಗೆ ಹಾರುತ್ತಾರೆ. ನಮ್ಮ ರಾಜ್ಯದವರ ವರದಿಗಳಲ್ಲಿ ಎಷ್ಟೋ ಗೊಂದಲ ಅದಕ್ಕೂ ಮೊದಲಿನ ಪುಟದಲ್ಲೇ ಶುರುವಾಗಿರುತ್ತದೆ. ನಮಗೆ ಇನಿಷಿಯಲ್ ಇದೆ, ಆ ನಮೂನೆಗಳಿಗೆ ಉಪನಾಮ ಬೇಕು. ಶಾಲೆಯ ದಾಖಲೆಯಲ್ಲಿ ‘ಮಂಜುನಾಥ ಬಿ.ಕೆ.’ ಇದ್ದವರು ಪ್ಯಾನ್ ಕಾರ್ಡಿನಲ್ಲಿ ‘ಮಂಜುನಾಥ ಬಸವರಾಜು ಕೆರೆಕೋಡಿ’ ಆಗುತ್ತಾರೆ, ಬೈಕ್ ಸಾಲದ ಅರ್ಜಿಯಲ್ಲಿ ಬರೀ ‘ಮಂಜುನಾಥ್ ಬಿ’ ಆಗುತ್ತಾರೆ. ಜನ್ಮದಿನವೋ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರು, ಒಂದೇ ಜೂನ್ 1 ಇರುವವರು ಹಲವರು. ಹಳೆಯ ಸಾಲದ ಅರ್ಜಿಯಲ್ಲಿ ಪ್ಯಾನ್ ಸಂಖ್ಯೆ ಇಲ್ಲದೆ ಬರೀ ಹೆಸರು, ಹುಟ್ಟಿದ ದಿನ, ಊರು ಮಾತ್ರ ಇದ್ದರೆ ಇಬ್ಬರ ಲೆಕ್ಕ ಒಂದೇ ವರದಿಯಲ್ಲಿ ಬೆರೆಯಲು ಅಷ್ಟು ಸಾಕು. ಇದಕ್ಕೆ ಉಲ್ಟಾ ಆಗುವುದೂ ಉಂಟು: ಒಬ್ಬರದೇ ಲೆಕ್ಕ ಎರಡು ಕಡತಗಳಾಗಿ ಒಡೆದು, ಚೆನ್ನಾಗಿ ತೀರಿಸಿದ ಸಾಲ ಒಂದರಲ್ಲಿ, ಬ್ಯಾಂಕಿನವರು ನೋಡುವ ವರದಿ ಮತ್ತೊಂದು.

ಈ ಪುಟದಲ್ಲಿ ಪ್ಯಾನ್, ಹುಟ್ಟಿದ ದಿನಾಂಕ, ಹಳೆಯ ವಿಳಾಸಗಳು, ದೂರವಾಣಿ ಸಂಖ್ಯೆಗಳನ್ನು ಒಂದೊಂದಾಗಿ ನೋಡಿ. ನೀವು ಎಂದೂ ವಾಸಿಸದ ಊರಿನ ವಿಳಾಸ ಅಥವಾ ಎರಡನೆಯ ಪ್ಯಾನ್ ಸಂಖ್ಯೆ ಕಂಡರೆ, ಮುಂದಿನ ಪುಟಗಳಲ್ಲಿ ಬೇರೆಯವರ ಸಾಲ ಇರುವ ಸಾಧ್ಯತೆ ಹೆಚ್ಚು. ಬರೀ ಕಾಗುಣಿತದ ವ್ಯತ್ಯಾಸವಾದರೆ, ಉದಾಹರಣೆಗೆ ‘ಗಣೇಶ’ ಮತ್ತು ‘ಗಣೇಶ್’, ಅದಕ್ಕಾಗಿ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಲಕ್ಷಣ: ತೀರಿಸಿದ ಸಾಲ ಇನ್ನೂ ‘ಚಾಲ್ತಿ’ ಎಂದಿದೆ

ಖಾತೆಯ ಪಕ್ಕದಲ್ಲಿ ಮಾಹಿತಿ ವರದಿಯಾದ ದಿನಾಂಕ ಇರುತ್ತದೆ. ಮೊದಲು ಅದನ್ನು ನೋಡಿ. ಅದು ನೀವು ಸಾಲ ಮುಗಿಸಿದ ದಿನಕ್ಕಿಂತ ಹಿಂದಿನದಾಗಿದ್ದರೆ ಬ್ಯಾಂಕು ಹೊಸ ಮಾಹಿತಿಯನ್ನು ಇನ್ನೂ ಕಳಿಸಿಲ್ಲ ಎಂದಷ್ಟೇ ಅರ್ಥ. 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕೆಂಬ ನಿಯಮ ಬಂದಿದೆ. ಕಳಿಸಿದ್ದು ವರದಿಗೆ ಏರಲು ಇನ್ನಷ್ಟು ದಿನ ಹಿಡಿಯುತ್ತದೆ. ಸಾಲ ಮುಗಿಸಿ ಒಂದು ತಿಂಗಳು ಕಾದು ನೋಡಿ. ಅದಕ್ಕಿಂತ ಮೊದಲು ದೂರು ಕೊಡುವುದರಲ್ಲಿ ಹುರುಳಿಲ್ಲ.

ವರದಿಯಾದ ದಿನಾಂಕ ಸಾಲ ಮುಗಿಸಿದ ನಂತರದ್ದಾಗಿದ್ದೂ ಬಾಕಿ ತೋರಿಸುತ್ತಿದ್ದರೆ ಕಥೆ ಬೇರೆ. ಆಗ ಬ್ಯಾಂಕಿನ ಲೆಡ್ಜರಿನಲ್ಲೇ ಏನೋ ಉಳಿದಿದೆ. ಪರಿಚಯದವರೊಬ್ಬರ ಕಾರು ಸಾಲದಲ್ಲಿ ಹೀಗೆಯೇ 590 ರೂಪಾಯಿ ಉಳಿದಿತ್ತು. ಯಾವುದೋ ತಿಂಗಳು ಕಂತು ಬೌನ್ಸ್ ಆದಾಗ ಹಾಕಿದ 500 ರೂಪಾಯಿ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ 90 ರೂಪಾಯಿ. ಅಸಲು, ಬಡ್ಡಿ ಎರಡೂ ಚುಕ್ತಾ. ಕಾರಿನ ಆರ್‌ಸಿಯಿಂದ ಬ್ಯಾಂಕಿನ ಹೆಸರೂ ತೆಗೆದಾಗಿತ್ತು. ಆದರೂ ಆ 590 ರೂಪಾಯಿ ವರ್ಷಗಟ್ಟಲೆ ಬಾಕಿದಾರನ ಪಟ್ಟ ಕೊಟ್ಟು ಕೂರಿಸಿತ್ತು. ಇಂಥ ಕಡೆ ದೂರು ಹಾಕಿದರೆ ಬ್ಯಾಂಕು ‘ನಮ್ಮ ಮಾಹಿತಿ ಸರಿ ಇದೆ’ ಎಂದು ಉತ್ತರಿಸುತ್ತದೆ, ಅದರ ಲೆಕ್ಕದ ಪ್ರಕಾರ ಅದು ಸರಿಯೂ ಹೌದು. ಮೊದಲು ಸಾಲ ಖಾತೆಯ ಪೂರ್ಣ ಸ್ಟೇಟ್‌ಮೆಂಟ್ ತೆಗೆಸಿ. ಶುಲ್ಕ ಅನ್ಯಾಯದ್ದಾದರೆ ಮನ್ನಾ ಮಾಡಿಸಿ, ಆಗದಿದ್ದರೆ ಕಟ್ಟಿಬಿಡಿ, ಬೇಬಾಕಿ ಪತ್ರ ಪಡೆಯಿರಿ, ಆಮೇಲೆ ದೂರು.

ಮನೆ ಅಥವಾ ಜಮೀನು ಅಡವಿಟ್ಟ ಸಾಲವಾಗಿದ್ದರೆ ಇನ್ನೊಂದು ವಿಷಯ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ವಾಪಸ್ ಕೊಡಬೇಕು; ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರ ಕೈಗೆ ಬಂತು, ಪಹಣಿಯಲ್ಲಿದ್ದ ಋಣದ ನಮೂದು ಹೋಯಿತು ಎಂದ ಮಾತ್ರಕ್ಕೆ ಕ್ರೆಡಿಟ್ ವರದಿಯೂ ತಿದ್ದಿತು ಎಂದು ತಿಳಿಯಬೇಡಿ. ಮೂರೂ ಬೇರೆ ಬೇರೆ ದಾರಿಗಳು.

ಲಕ್ಷಣ: ‘ಪ್ರತಿ ತಿಂಗಳೂ ಕಟ್ಟುತ್ತಿದ್ದೇನೆ, ಆದರೂ ತಡ ಎಂದು ತೋರಿಸುತ್ತದೆ’

ಕೈಪಿಡಿಯ ತಿರುಳು ಇದು. ಪ್ರತಿ ಖಾತೆಯ ಕೆಳಗೆ ಮೂವತ್ತಾರು ತಿಂಗಳವರೆಗಿನ ಚೌಕಗಳಿರುತ್ತವೆ. ಒಂದೊಂದರಲ್ಲಿ ಮೂರು ಅಂಕಿ ಅಥವಾ ಮೂರು ಅಕ್ಷರ. ಇದನ್ನು ಡಿಪಿಡಿ ಎನ್ನುತ್ತಾರೆ: ಗಡುವು ಮೀರಿ ಎಷ್ಟು ದಿನವಾಗಿದೆ ಎಂಬ ಲೆಕ್ಕ. 000 ಇದ್ದರೆ ಬಾಕಿ ಇಲ್ಲ. ಎಸ್‌ಟಿಡಿ ಎಂದಿದ್ದರೆ ಖಾತೆ ನೆಟ್ಟಗಿದೆ. ಎಕ್ಸ್ ಅಕ್ಷರ ಮೂರು ಬಾರಿ ಇದ್ದರೆ ಆ ತಿಂಗಳ ಮಾಹಿತಿ ಬಂದಿಲ್ಲ, ಅದು ಬಾಕಿಯಲ್ಲ. ಎಸ್‌ಎಂಎ ಎಂದರೆ ಬ್ಯಾಂಕು ಕಣ್ಣಿಟ್ಟಿದೆ. ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಎಂದರೆ ತೊಂಬತ್ತು ದಿನ ದಾಟಿ ವಸೂಲಾಗದ ಸಾಲದ ಪಟ್ಟಿಗೆ ಸೇರಿ, ಒಂದಕ್ಕಿಂತ ಒಂದು ಕೆಟ್ಟ ಹಂತದಲ್ಲಿದೆ ಎಂದರ್ಥ.

ಅಂಕಿಗಳನ್ನು ಬಿಡಿಬಿಡಿಯಾಗಿ ನೋಡದೆ ಸಾಲಾಗಿ ಓದಿದರೆ ರೋಗ ತಾನೇ ಮಾತನಾಡುತ್ತದೆ.

000, 000, 030, 061, 000, 000 ಎಂದಿದ್ದರೆ ಎರಡು ಕಂತು ತಪ್ಪಿ, ಮೂರನೆಯ ತಿಂಗಳು ಎಲ್ಲವನ್ನೂ ಒಟ್ಟಿಗೆ ಕಟ್ಟಿದ್ದೀರಿ. ಕಾರಣ ಮುಗಿದಿದೆ. ಇದು ನಿಜವಾದ ಮಾಹಿತಿ, ದೂರಿನಿಂದ ಹೋಗುವುದಿಲ್ಲ.

030, 031, 030, 031 ಎಂದು ನಿಂತಲ್ಲೇ ನಿಂತಿದ್ದರೆ ಅದು ಬೇರೆ ರೋಗ. ಎಂದೋ ಒಂದು ಕಂತು ತಪ್ಪಿದೆ. ಅಂದಿನಿಂದ ನೀವು ಪ್ರತಿ ತಿಂಗಳು ಕಟ್ಟುತ್ತಿರುವ ಹಣವನ್ನು ಬ್ಯಾಂಕು ಹಿಂದಿನ ತಿಂಗಳ ಬಾಕಿಗೆ ಜಮಾ ಮಾಡಿಕೊಳ್ಳುತ್ತಿದೆ, ಈ ತಿಂಗಳದ್ದು ಮತ್ತೆ ಬಾಕಿ. ನೀವು ಹೇಳುವುದೂ ಸುಳ್ಳಲ್ಲ, ವರದಿ ಹೇಳುವುದೂ ಸುಳ್ಳಲ್ಲ. ಒಂದೇ ಒಂದು ಹೆಚ್ಚುವರಿ ಕಂತನ್ನು, ಅದರ ದಂಡಶುಲ್ಕದೊಂದಿಗೆ ಕಟ್ಟಿದರೆ ಮುಂದಿನ ತಿಂಗಳಿನಿಂದ ಸಾಲು 000ಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಯಾರೂ ಹೇಳದೆ ವರ್ಷಾನುಗಟ್ಟಲೆ ಸ್ಕೋರ್ ಕೆಡಿಸಿಕೊಂಡವರಿದ್ದಾರೆ.

004, 006, 003, 005 ಎಂದು ಕಂಡರೆ ಸಂಬಳ ಬರುವ ದಿನ ಮತ್ತು ಕಂತು ಕಡಿತವಾಗುವ ದಿನ ಹೊಂದುತ್ತಿಲ್ಲ. ಸಂಬಳ 7ಕ್ಕೆ, ಕಂತು 2ಕ್ಕೆ. ಕಂತಿನ ದಿನಾಂಕ ಬದಲಿಸಿಕೊಡಲು ಬ್ಯಾಂಕಿಗೆ ಬರೆದು ಕೇಳಿ, ಅಥವಾ ಒಂದು ಕಂತಿನಷ್ಟು ಹಣವನ್ನು ಖಾತೆಯಲ್ಲಿ ಸದಾ ಬಿಟ್ಟಿರಿ.

ಎಲ್ಲ 000 ಇದ್ದು ನಡುವೆ ಎಲ್ಲೋ ಒಂದು 061 ಇದ್ದರೆ, ಅದರ ಹಿಂದಿನ ತಿಂಗಳೂ 000 ಆಗಿದ್ದರೆ, ಅನುಮಾನಪಡಿ. ಹಿಂದಿನ ತಿಂಗಳು ಬಾಕಿಯೇ ಇಲ್ಲದವರು ಈ ತಿಂಗಳು ಏಕಾಏಕಿ ಅರವತ್ತೊಂದು ದಿನ ಹಿಂದೆ ಬೀಳುವುದು ಲೆಕ್ಕಕ್ಕೆ ಕೂರುವುದಿಲ್ಲ. ಇದು ಮಾಹಿತಿ ಕಳಿಸಿದವರ ಎಡವಟ್ಟು, ದೂರು ಕೊಡಲು ಹೇಳಿ ಮಾಡಿಸಿದ ಪ್ರಕರಣ.

ಕ್ರೆಡಿಟ್ ಕಾರ್ಡಿಗೆ ಸ್ವಲ್ಪ ಸಡಿಲಿಕೆ ಇದೆ: ಗಡುವು ಮುಗಿದು ಮೂರು ದಿನ ದಾಟಿದ ಮೇಲಷ್ಟೇ ಅದನ್ನು ಬಾಕಿ ಎಂದು ವರದಿ ಮಾಡಬೇಕು. ನೀವು ಚಾಲನೆಗೊಳಿಸದ ಕಾರ್ಡು ವರದಿಯಲ್ಲಿ ಕಾಣಿಸಿಕೊಳ್ಳಲೇಬಾರದು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಲಕ್ಷಣ: ‘ಸೆಟಲ್ಡ್’ ಅಥವಾ ‘ರಿಟನ್ ಆಫ್’ ಎಂದಿದೆ

ಬ್ಯಾಂಕಿನವರು ಕರೆದು, ‘ಒಂದು ಲಕ್ಷದ ಬದಲು ಅರವತ್ತು ಸಾವಿರ ಕಟ್ಟಿ, ಮುಗಿಸಿಬಿಡೋಣ’ ಎನ್ನುತ್ತಾರೆ. ನೀವು ಕಟ್ಟುತ್ತೀರಿ, ಪತ್ರವೂ ಸಿಗುತ್ತದೆ. ಸಾಲ ಮುಗಿಯಿತು ನಿಜ, ಆದರೆ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ. ಮುಂದಿನ ಬ್ಯಾಂಕಿಗೆ ಅದು ‘ಪೂರ್ತಿ ಕೊಡಲಿಲ್ಲ’ ಎಂದು ಕೇಳಿಸುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾಗಿ ಕಡಿಮೆ ಮೊತ್ತ ಕಟ್ಟಿದರೂ ಇದೇ ಪಾಡು.

‘ರಿಟನ್ ಆಫ್’ ಇನ್ನೂ ಮೋಸದ ಪದ. ಸಾಲ ಮನ್ನಾ ಆಯಿತು ಎಂದು ಸಂತೋಷಪಟ್ಟವರನ್ನು ಕಂಡಿದ್ದೇನೆ. ಅದು ಬ್ಯಾಂಕು ತನ್ನ ಆಯವ್ಯಯದ ಪುಸ್ತಕದಲ್ಲಿ ಮಾಡಿಕೊಂಡ ನಮೂದು. ನೀವು ಕೊಡಬೇಕಾದದ್ದು ಹಾಗೆಯೇ ಇರುತ್ತದೆ.

ಎರಡಕ್ಕೂ ಇರುವ ಮದ್ದು ಒಂದೇ: ಉಳಿದ ಮೊತ್ತವನ್ನು ಕಟ್ಟಲು ಸಿದ್ಧ ಎಂದು ಬ್ಯಾಂಕಿಗೆ ಬರೆಯುವುದು. ಕಟ್ಟುವ ಮೊದಲೇ, ಕಟ್ಟಿದ ಮೇಲೆ ಖಾತೆಯ ಸ್ಥಿತಿಯನ್ನು ಏನೆಂದು ವರದಿ ಮಾಡುತ್ತೀರಿ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಬಾಯಿಮಾತಿಗೆ, ಅದರಲ್ಲೂ ವಸೂಲಿ ಏಜೆಂಟರ ಬಾಯಿಮಾತಿಗೆ ಬೆಲೆ ಕೊಡಬೇಡಿ. ಬಿಟ್ಟುಕೊಟ್ಟ ಮೊತ್ತ ಸಣ್ಣದಾಗಿದ್ದು ಮುಂದೆ ಮನೆ ಸಾಲದ ಯೋಚನೆ ಇದ್ದರೆ ಕಟ್ಟಿ ಮುಗಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಹಳೆಯ ನಮೂದು ತಾನಾಗಿ ಮರೆಯಾಗುತ್ತದೆಂದು ಕಾಯುವವರಿಗೆ ಒಂದು ಮಾತು: ಈ ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು.

ರೈತರ ವಿಷಯ ಇಲ್ಲೇ ಹೇಳಬೇಕು. 2018ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಬೆಳೆ ಸಾಲ ಮನ್ನಾಕ್ಕೆ ಎರಡು ಲಕ್ಷ ರೂಪಾಯಿಯ ಮಿತಿ ಇತ್ತು. ಮಿತಿ ಮೀರಿದ ಭಾಗ ಸಾಲಗಾರನ ತಲೆಯ ಮೇಲೆಯೇ ಉಳಿಯಿತು. ಪಟ್ಟಿಯಲ್ಲಿ ಹೆಸರಿತ್ತು ಎಂಬುದನ್ನು ನೆಚ್ಚಿ ಕೂರದೆ, ಬ್ಯಾಂಕಿನಿಂದ ಆ ಬೆಳೆ ಸಾಲದ ಖಾತೆಯ ವಿವರ ತೆಗೆಸಿ, ಸರ್ಕಾರದ ಹಣ ಯಾವ ದಿನ ಜಮಾ ಆಯಿತು, ಆ ದಿನ ಬಡ್ಡಿ ಸೇರಿ ಎಷ್ಟು ಬಾಕಿ ಇತ್ತು ಎಂದು ಹೋಲಿಸಿ ನೋಡಿ.

ಲಕ್ಷಣ: ನನ್ನದಲ್ಲದ ಸಾಲ ಕಾಣುತ್ತಿದೆ

ಗಾಬರಿಯಾಗಿ ಪೊಲೀಸ್ ಠಾಣೆಗೆ ಓಡುವ ಮುನ್ನ ಮೂರು ಸಾಧುವಾದ ಕಾರಣಗಳನ್ನು ತಳ್ಳಿಹಾಕಿ.

ಬ್ಯಾಂಕಿನ ಹೆಸರೇ ಬದಲಾಗಿರಬಹುದು. ನಮ್ಮ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಹಲವು ಈಗ ಬೇರೆ ಹೆಸರಿನಲ್ಲಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳೆಯ ಸಾಲ ಹೊಸ ಹೆಸರು, ಹೊಸ ಖಾತೆ ಸಂಖ್ಯೆಯಲ್ಲಿ ಕಂಡರೆ ಗುರುತು ಸಿಗದಿರುವುದು ಸಹಜ. ಸಾಲ ಮಂಜೂರಾದ ದಿನಾಂಕ ಮತ್ತು ಮೊತ್ತ ನೋಡಿ. ಅವೆರಡೂ ಹೊಂದಿದರೆ ಅದು ನಿಮ್ಮದೇ. ಅದೇ ದಿನಾಂಕ, ಅದೇ ಮೊತ್ತ ಎರಡು ಕಡೆ ಇದ್ದು ಎರಡೂ ಚಾಲ್ತಿ ಎಂದಿದ್ದರೆ ಮಾತ್ರ ಅದು ದೋಷ.

ಆ್ಯಪ್ ಸಾಲಗಳಲ್ಲಿ ಆ್ಯಪ್‌ನ ಹೆಸರು ವರದಿಯಲ್ಲಿ ಇರುವುದಿಲ್ಲ, ಹಿಂದಿನಿಂದ ಹಣ ಕೊಟ್ಟ ಹಣಕಾಸು ಕಂಪನಿಯ ಹೆಸರಿರುತ್ತದೆ. ಫೋನ್ ಕೊಂಡಾಗ, ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬುದಕ್ಕೆ ಒಪ್ಪಿಗೆ ಒತ್ತಿದಾಗ ಹುಟ್ಟಿದ ಸಾಲವೂ ಸಾಲವೇ.

ಮೂರನೆಯದು ಜಾಮೀನು. ಖಾತೆಯ ವಿವರದಲ್ಲಿ ನೀವು ಸಾಲಗಾರರೋ, ಜಂಟಿ ಸಾಲಗಾರರೋ, ಜಾಮೀನುದಾರರೋ ಎಂದು ಬರೆದಿರುತ್ತದೆ. ಭಾವಮೈದುನನ ಟ್ರ್ಯಾಕ್ಟರಿಗೆ ಹಾಕಿದ ಸಹಿ, ಮಗಳ ಶಿಕ್ಷಣ ಸಾಲಕ್ಕೆ ಜಂಟಿಯಾಗಿ ಹಾಕಿದ ಸಹಿ ಇಲ್ಲಿ ಎದ್ದು ಬರುತ್ತದೆ. ಇದು ದೋಷವಲ್ಲ. ಅವರು ಕಟ್ಟಬೇಕು, ಇಲ್ಲವೇ ನೀವು. ನೆಂಟಸ್ತಿಕೆಯ ಮಾತನ್ನು ಯಾವ ಕೈಪಿಡಿಯೂ ಬಗೆಹರಿಸಲಾರದು.

ಇವು ಮೂರೂ ಅಲ್ಲ ಎಂದಾದರೆ ಯಾರೋ ನಿಮ್ಮ ಪ್ಯಾನ್ ಬಳಸಿದ್ದಾರೆ. ಸಾಲ ಕೊಟ್ಟ ಸಂಸ್ಥೆಗೆ ಬರೆದು ಅರ್ಜಿ, ಗುರುತಿನ ದಾಖಲೆ, ಹಣ ಜಮಾ ಆದ ಖಾತೆ ಇವುಗಳ ವಿವರ ಕೇಳಿ. 1930ಕ್ಕೆ ಕರೆ ಮಾಡಿ ಸೈಬರ್ ವಂಚನೆಯ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಕ್ರೆಡಿಟ್ ಕಂಪನಿಗೆ ಕೊಡುವ ದೂರಿನಲ್ಲಿ ನಮೂದಿಸಿ. ಮರ್ಯಾದೆಗೆ ಅಂಜಿ ‘ಹೋಗಲಿ, ಎರಡು ಸಾವಿರ ತಾನೇ’ ಎಂದು ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೆಂದು ಒಪ್ಪಿಕೊಂಡಂತಾಗುತ್ತದೆ.

ಲಕ್ಷಣ: ವರದಿ ಶುದ್ಧ, ಸ್ಕೋರ್ ಮಾತ್ರ ಕಡಿಮೆ

ಕಾರ್ಡಿನ ಮಿತಿಯ ಬಹುಪಾಲನ್ನು ಪ್ರತಿ ತಿಂಗಳು ಬಳಸುತ್ತಿರಬಹುದು. ಪೂರ್ತಿ ಕಟ್ಟುವವರಿಗೂ ಇದು ತಟ್ಟುತ್ತದೆ, ಏಕೆಂದರೆ ವರದಿಗೆ ಹೋಗುವುದು ಮಾಹಿತಿ ಕಳಿಸಿದ ದಿನದ ಬಾಕಿ. ಬಿಲ್ ಹುಟ್ಟುವ ಮೊದಲೇ ಒಂದಷ್ಟು ಕಟ್ಟಿದರೆ ವ್ಯತ್ಯಾಸ ಕಾಣುತ್ತದೆ. ಸ್ಕೋರ್ ಜಾಗದಲ್ಲಿ ಮೈನಸ್ 1 ಅಥವಾ ಎನ್‌ಎಚ್ ಇದ್ದರೆ ನೀವು ಸಾಲವನ್ನೇ ಮಾಡಿಲ್ಲ, ಅದು ಅಪರಾಧವಲ್ಲ. ಮೊದಲ ಬಾರಿ ಸಾಲ ಕೇಳುವವರನ್ನು ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಠೇವಣಿಯ ಆಧಾರದ ಮೇಲೆ ಕೊಡುವ ಕಾರ್ಡು ಪಡೆದು ಪೆಟ್ರೋಲಿಗೆ ಬಳಸಿ, ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಾ ಹೋದರೆ ಇತಿಹಾಸ ಬೆಳೆಯುತ್ತದೆ.

ದೂರು: ಯಾರಿಗೆ, ಹೇಗೆ, ಎಷ್ಟು ದಿನ

ಸಾಲ ಕೊಟ್ಟವರು ಒಪ್ಪದೆ ಕ್ರೆಡಿಟ್ ಕಂಪನಿ ಏನನ್ನೂ ತಿದ್ದುವುದಿಲ್ಲ. ಅದು ನಿಮ್ಮ ದೂರನ್ನು ಬ್ಯಾಂಕಿಗೆ ಕಳಿಸಿ ಉತ್ತರ ಕಾಯುತ್ತದೆ. ಹಾಗಾಗಿ ಎರಡು ಕಡೆಯೂ ಒಂದೇ ದಿನ ದೂರು ಹಾಕಿ, ಎರಡರ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

‘ನನ್ನ ಸಿಬಿಲ್ ಸರಿಪಡಿಸಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಈ ಖಾತೆಯ 2024ರ ಜುಲೈ ಕಾಲಂನಲ್ಲಿ 061 ಎಂದಿದೆ. ಜೂನ್ ಮತ್ತು ಜುಲೈ ಕಂತುಗಳು ಆಯಾ ತಿಂಗಳ 5ರಂದು ಕಡಿತವಾಗಿವೆ, ಸ್ಟೇಟ್‌ಮೆಂಟ್ ಲಗತ್ತಿಸಿದೆ. ಇದನ್ನು 000 ಎಂದು ತಿದ್ದಿ.’ ಒಂದು ದೋಷಕ್ಕೆ ಒಂದು ವಾಕ್ಯ, ಒಂದು ಪುರಾವೆ.

ದೂರು ಕೊಟ್ಟ 30 ದಿನಗಳಲ್ಲಿ ಬಗೆಹರಿಯಬೇಕು. ತಿದ್ದಿದ ಮಾಹಿತಿ ಕಳಿಸಲು ಬ್ಯಾಂಕಿಗೆ ಅದರಲ್ಲಿ 21 ದಿನ. ಗಡುವು ಮೀರಿದರೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ದಿನಕ್ಕೆ 100 ರೂಪಾಯಿ ಪರಿಹಾರ. ತಡ ಮಾಡಿದವರು ಯಾರೋ ಅವರೇ ಕೊಡಬೇಕು. ಸ್ಕೋರ್ ಲೆಕ್ಕ ಹಾಕಿದ ರೀತಿಯ ಬಗ್ಗೆ ತಕರಾರು ತೆಗೆದರೆ ಈ ಪರಿಹಾರ ಅನ್ವಯಿಸುವುದಿಲ್ಲ.

ಉತ್ತರ ಬಾರದಿದ್ದರೆ ಅಥವಾ ಒಪ್ಪುವಂಥ ಉತ್ತರವಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ ಸಲ್ಲಿಸಬಹುದು, ದಾರಿ ತಿಳಿಯದಿದ್ದರೆ 14448ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಬ್ಯಾಂಕಿಗೆ ಮೊದಲು ದೂರು ಕೊಟ್ಟ ದಾಖಲೆ ಮತ್ತು ದಿನಾಂಕ ಇಲ್ಲದೆ ಹೋದರೆ ಮಾತ್ರ ಅಲ್ಲಿಂದಲೂ ಅರ್ಜಿ ವಾಪಸ್.

ತಿದ್ದುಪಡಿಯಾಯಿತು ಎಂಬ ಸಂದೇಶ ಬಂದ ಮೇಲೆ ಉಳಿದ ಮೂರು ಕಂಪನಿಗಳ ಉಚಿತ ವರದಿಗಳನ್ನೂ ತೆಗೆದು, ಅದೇ ಖಾತೆಯ ಅದೇ ತಿಂಗಳನ್ನು ನೋಡಿ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಹಾಗೆಯೇ ಉಳಿದಿದ್ದರೆ ಅಲ್ಲಿಗೂ ಅದೇ ಪುರಾವೆಯೊಂದಿಗೆ ದೂರು ಹಾಕಿ. ನಾಲ್ಕರಲ್ಲೂ ಸರಿಯಾದ ಮೇಲೆ ಬ್ಯಾಂಕಿಗೆ ಹೊಸ ಅರ್ಜಿ ಕೊಡಿ, ತಿದ್ದುಪಡಿಯ ಪತ್ರವನ್ನು ಅರ್ಜಿಗೆ ಲಗತ್ತಿಸಿ.